ಸರ್ಕಾರಿ ಕಟ್ಟಡಕ್ಕೆ ಹಸಿರು ವಿದ್ಯುತ್: ಕೊಳ್ಳುವುದು ಹೇಗೆ, ಒಪ್ಪಂದದಲ್ಲಿ ನೋಡಬೇಕಾದ್ದು ಏನು?

ಕಾಳಿ ನದಿ ಸೂಪಾ, ನಾಗಝರಿ, ಕೊಡಸಳ್ಳಿ, ಕದ್ರಾಗಳಲ್ಲಿ ವಿದ್ಯುತ್ ಕೊಟ್ಟು ಕಾರವಾರದ ಬಳಿ ಕಡಲು ಸೇರುತ್ತದೆ. ಶರಾವತಿಯ ಕೊನೆಯ ವಿದ್ಯುದಾಗಾರ ಹೊನ್ನಾವರ ತಾಲ್ಲೂಕಿನ ಗೇರುಸೊಪ್ಪೆಯಲ್ಲಿದೆ. ಕೈಗಾದಲ್ಲಿ ತಲಾ 220 ಮೆಗಾವಾಟ್‌ನ ನಾಲ್ಕು ಅಣು ಘಟಕಗಳಿವೆ. ಇವೆಲ್ಲ ಇರುವ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಸರ್ಕಾರಿ ಆಸ್ಪತ್ರೆಯೋ ಕಾಲೇಜೋ ಸೌರ ವಿದ್ಯುತ್ ಕೊಳ್ಳಲು ಹೊರಟರೆ ಜನ ಕೇಳುವ ಪ್ರಶ್ನೆ ಸಹಜವಾದದ್ದೇ: ಊರು, ಕಾಡು, ಗದ್ದೆ ಬಿಟ್ಟುಕೊಟ್ಟು ಪಡೆದ ನಮ್ಮ ನದಿಯ ವಿದ್ಯುತ್ ಇಲ್ಲೇ ಇರುವಾಗ ಮತ್ತೆ ಬೇರೆಯವರಿಂದ ಕೊಳ್ಳುವುದೇಕೆ?

ಇದಕ್ಕೆ ಉತ್ತರ ಸಿಗುವುದು ಲೆಕ್ಕದ ಪುಸ್ತಕದಲ್ಲಿ. ಕದ್ರಾದಲ್ಲಿ ಹುಟ್ಟಿದ ವಿದ್ಯುತ್ತನ್ನು ಕರ್ನಾಟಕ ವಿದ್ಯುತ್ ನಿಗಮವು ರಾಜ್ಯದ ವಿದ್ಯುತ್ ಸರಬರಾಜು ಕಂಪನಿಗಳಿಗೆ ಮಾರುತ್ತದೆ. ವಿದ್ಯುತ್ ಸಾಗಿಸುವ ರಾಜ್ಯದ ಸಂಸ್ಥೆಯಾದ ಕೆಪಿಟಿಸಿಎಲ್‌ನ ತಂತಿಗಳಲ್ಲಿ ಅದು ರಾಜ್ಯದ ಜಾಲಕ್ಕೆ ಸೇರುತ್ತದೆ. ನಮ್ಮ ಜಿಲ್ಲೆಗೆ ಹಂಚುವುದು ಹೆಸ್ಕಾಂ. ಹಾಲಿನ ಡೇರಿಯಲ್ಲಿ ಊರವರೆಲ್ಲ ತಂದ ಹಾಲು ಒಂದೇ ಕ್ಯಾನಿಗೆ ಬೀಳುತ್ತದೆ. ಯಾರದು ಎಷ್ಟು ಲೀಟರ್ ಎಂಬುದು ಪಾಸ್ ಪುಸ್ತಕದಲ್ಲಿ ಮಾತ್ರ ಉಳಿಯುತ್ತದೆ. ವಿದ್ಯುತ್ ಜಾಲದ ರೀತಿಯೂ ಅದೇ. ಕಾರವಾರದ ಕಚೇರಿಯ ಫ್ಯಾನು ತಿರುಗಿಸುತ್ತಿರುವುದು ಕಾಳಿಯ ನೀರೋ, ರಾಯಚೂರಿನ ಕಲ್ಲಿದ್ದಲೋ, ಪಾವಗಡದ ಬಿಸಿಲೋ ಎಂದು ತಂತಿ ನೋಡಿ ಹೇಳಲಾಗದು.

ಹಾಗಾಗಿ ಸರ್ಕಾರಿ ಸಂಸ್ಥೆಯೊಂದು ಹಸಿರು ವಿದ್ಯುತ್ ಕೊಳ್ಳುತ್ತದೆ ಎಂದರೆ ಅದು ಒಂದು ಲೆಕ್ಕವನ್ನೂ ಒಂದು ಒಪ್ಪಂದವನ್ನೂ ಕೊಳ್ಳುತ್ತದೆ. ಇಂಥ ಸ್ಥಾವರದಲ್ಲಿ ಇಷ್ಟು ಯೂನಿಟ್ ನನ್ನ ಹೆಸರಿನಲ್ಲಿ ಉತ್ಪಾದನೆಯಾಗಬೇಕು, ಅದಕ್ಕೆ ಇಷ್ಟು ವರ್ಷ ಇಷ್ಟು ದರ ಕೊಡುತ್ತೇನೆ ಎಂಬ ಬದ್ಧತೆ ಅದು. ಮಳೆ ಬಂದು ಉತ್ಪಾದನೆ ಕುಸಿದರೆ, ಫಲಕದ ವಿದ್ಯುತ್ತನ್ನು ಬಳಕೆಗೆ ತಕ್ಕಂತೆ ಮಾರ್ಪಡಿಸುವ ಇನ್ವರ್ಟರ್ ಸುಟ್ಟರೆ, ಬಿಲ್ಲು ತಡವಾದರೆ, ಕಟ್ಟಡ ಕೆಡವಬೇಕಾಗಿ ಬಂದರೆ ನಷ್ಟ ಯಾರ ತಲೆಗೆ? ಖರೀದಿಯ ವಿಧಾನಗಳೆಲ್ಲ ಈ ಪ್ರಶ್ನೆಗೆ ಕೊಟ್ಟ ಬೇರೆ ಬೇರೆ ಉತ್ತರಗಳು. ಯೂನಿಟ್ಟಿಗೆ ಎಷ್ಟು ಪೈಸೆ ಎಂಬುದನ್ನೇ ನೋಡುವ ನಮ್ಮ ಅಭ್ಯಾಸ ಬದಲಾಗಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕಾನೂನಿನ ಹಿನ್ನೆಲೆ ಸ್ವಲ್ಪ ತಿಳಿದಿರಲಿ. 2003ರ ವಿದ್ಯುತ್ ಕಾಯ್ದೆಯು ವಿದ್ಯುತ್ ಕಂಪನಿಗಳು ತಾವು ಹಂಚುವ ವಿದ್ಯುತ್ತಿನಲ್ಲಿ ಒಂದು ಪಾಲನ್ನು ನವೀಕರಿಸಬಹುದಾದ ಮೂಲಗಳಿಂದಲೇ ಕೊಳ್ಳಬೇಕೆಂದು ವಿಧಿಸಲು ರಾಜ್ಯ ಆಯೋಗಗಳಿಗೆ ಅಧಿಕಾರ ಕೊಟ್ಟಿತು. 2023ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಪಟ್ಟಿಯಂತೆ ಈ ಪಾಲು 2024-25ರಲ್ಲಿ ಶೇ 29.91 ಇದ್ದು, 2029-30ಕ್ಕೆ ಶೇ 43.33ಕ್ಕೆ ಏರಬೇಕು. ದೊಡ್ಡ ಅಣೆಕಟ್ಟುಗಳ ವಿದ್ಯುತ್ತಿಗೆ ನವೀಕರಿಸಬಹುದಾದ ಇಂಧನ ಎಂಬ ಹೆಸರು ಸಿಕ್ಕಿದ್ದೇ 2019ರ ಮಾರ್ಚ್‌ನಲ್ಲಿ. ಅದಕ್ಕೆ ಮೊದಲು 25 ಮೆಗಾವಾಟ್‌ವರೆಗಿನ ಕಿರು ಜಲವಿದ್ಯುತ್ ಮಾತ್ರ ಆ ಲೆಕ್ಕಕ್ಕೆ ಬರುತ್ತಿತ್ತು. ಕೈಗಾದ ಅಣು ವಿದ್ಯುತ್ತಿನಿಂದ ಹೊಗೆ ಬರುವುದಿಲ್ಲವಾದರೂ ಅದು ಈ ಪಟ್ಟಿಯಲ್ಲಿ ಇಂದಿಗೂ ಇಲ್ಲ.

ಚಾವಣಿಯಿಂದ ಶುರು

ಸರ್ಕಾರಿ ಸಂಸ್ಥೆಗೆ ಅತ್ಯಂತ ಸುಲಭವಾಗಿ ಸಿಗುವ ಹಸಿರು ವಿದ್ಯುತ್ ಅದರ ಚಾವಣಿಯದ್ದು. 2024ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯನ್ನು ಹೆಚ್ಚಿನವರು ಮನೆಗಳ ಸಬ್ಸಿಡಿ ಎಂದಷ್ಟೇ ಬಲ್ಲರು. ಸರ್ಕಾರಿ ಕಟ್ಟಡಗಳ ಚಾವಣಿಗಳ ಮೇಲೂ ಸೌರ ಫಲಕ ಬರಬೇಕೆಂಬ ಗುರಿ ಅದರಲ್ಲಿದೆ. ಚಾವಣಿಯಲ್ಲಿ ಹುಟ್ಟಿದ್ದನ್ನು ಕಟ್ಟಡವೇ ಮೊದಲು ಬಳಸುತ್ತದೆ, ಉಳಿದದ್ದು ನೆಟ್ ಮೀಟರ್ ಮೂಲಕ ಹೆಸ್ಕಾಂ ಜಾಲಕ್ಕೆ ಹೋಗುತ್ತದೆ, ತಿಂಗಳ ಕೊನೆಗೆ ಎರಡನ್ನೂ ಕೂಡಿ ಕಳೆದು ಬಿಲ್ ಬರುತ್ತದೆ. ಕೇಂದ್ರದ 2020ರ ಗ್ರಾಹಕ ಹಕ್ಕುಗಳ ನಿಯಮಗಳಿಗೆ 2021ರಲ್ಲಿ ತಂದ ತಿದ್ದುಪಡಿಯಂತೆ ನೆಟ್ ಮೀಟರಿಂಗ್ ಸೌಲಭ್ಯ 500 ಕಿಲೋವಾಟ್ ಅಥವಾ ಮಂಜೂರಾದ ಲೋಡ್, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟಕ್ಕೆ.

ಹಣ ಹಾಕುವವರು ಯಾರು ಎಂಬಲ್ಲಿ ದಾರಿ ಎರಡಾಗಿ ಒಡೆಯುತ್ತದೆ.

ಮೊದಲನೆಯದರಲ್ಲಿ ಇಲಾಖೆಯೇ ಪೂರ್ತಿ ಹಣ ಕೊಟ್ಟು ಘಟಕವನ್ನು ಕೊಳ್ಳುತ್ತದೆ. ಹೊರನೋಟಕ್ಕೆ ಇದು ಅಗ್ಗ. ಆದರೆ ಸರ್ಕಾರಿ ಹಣದ ರೀತಿ ಮನೆಯ ಹಣದಂತಲ್ಲ. ಘಟಕ ಕೊಳ್ಳುವ ದುಡ್ಡು ಬಂಡವಾಳ ವೆಚ್ಚದ ಲೆಕ್ಕ ಶೀರ್ಷಿಕೆಯಿಂದ ಬರಬೇಕು, ವಿದ್ಯುತ್ ಬಿಲ್ಲಿನ ದುಡ್ಡು ಕಚೇರಿ ವೆಚ್ಚದ ಶೀರ್ಷಿಕೆಯಿಂದ. ಬಿಲ್ಲಿನಲ್ಲಿ ಉಳಿತಾಯವಾದರೆ ಅದು ಆ ಕಚೇರಿಯ ಕೈಗೆ ಉಳಿಯದೆ ಮುಂದಿನ ವರ್ಷದ ಅನುದಾನದಲ್ಲಿ ಕಡಿತವಾಗಿ ಕಾಣಿಸಿಕೊಳ್ಳುತ್ತದೆ. ಸೌರ ಫಲಕಗಳು 25 ವರ್ಷ ಬಾಳಿದರೂ ಇನ್ವರ್ಟರ್‌ನ ಆಯುಷ್ಯ ಸಾಮಾನ್ಯವಾಗಿ ಹತ್ತು ಹನ್ನೆರಡು ವರ್ಷ. ಅದು ಕೆಟ್ಟ ದಿನ ಹೊಸದಕ್ಕೆ ಹಣ ಎಲ್ಲಿಂದ ಎಂಬ ಪ್ರಶ್ನೆಗೆ ಅಂದಾಜು ಪತ್ರಿಕೆಯಲ್ಲಿ ಉತ್ತರವಿರುವುದಿಲ್ಲ. ಫಲಕಗಳು ಚೆನ್ನಾಗಿದ್ದೂ ಘಟಕ ಮೂಕವಾಗಿ ನಿಲ್ಲುವುದು ಇದರಿಂದಲೇ. ತೊಳೆಯುವವರು, ನೋಡಿಕೊಳ್ಳುವವರು, ತಿಂಗಳ ಉತ್ಪಾದನೆ ಬರೆದಿಡುವವರು ಯಾರೂ ಇಲ್ಲದಿದ್ದರೆ ಕೊಂಡ ವಸ್ತು ಸರ್ಕಾರದ್ದೇ, ನಷ್ಟವೂ ಸರ್ಕಾರದ್ದೇ.

ಎರಡನೆಯ ದಾರಿಗೆ ರೆಸ್ಕೋ ಮಾದರಿ ಎಂದು ಹೆಸರು. ಖಾಸಗಿ ಕಂಪನಿಯೊಂದು ತನ್ನ ಹಣದಲ್ಲಿ ಸರ್ಕಾರಿ ಚಾವಣಿಯ ಮೇಲೆ ಘಟಕ ಕಟ್ಟುತ್ತದೆ, ನಡೆಸುತ್ತದೆ, ದುರಸ್ತಿ ಮಾಡುತ್ತದೆ. ಸಂಸ್ಥೆ ಚಾವಣಿ ಬಿಟ್ಟುಕೊಡುತ್ತದೆ, ಮೀಟರ್ ತೋರಿಸಿದಷ್ಟು ಯೂನಿಟ್ಟಿಗೆ ಮಾತ್ರ ಹಣ ಕೊಡುತ್ತದೆ. ಒಪ್ಪಂದ ಸಾಮಾನ್ಯವಾಗಿ 25 ವರ್ಷದ್ದು. ಮುಂಗಡ ಬಂಡವಾಳ ಬೇಡ, ಯೂನಿಟ್ಟಿನ ಹಣ ಈಗಾಗಲೇ ಇರುವ ವಿದ್ಯುತ್ ಬಿಲ್ಲಿನ ಶೀರ್ಷಿಕೆಯಲ್ಲೇ ಹೋಗುತ್ತದೆ. ಇನ್ವರ್ಟರ್ ಕೆಟ್ಟರೆ ಕಂಪನಿಗೇ ಆದಾಯ ನಿಲ್ಲುವುದರಿಂದ ಅವರೇ ಓಡಿ ಬರುತ್ತಾರೆ. ಸರ್ಕಾರಿ ಕಚೇರಿಗಳ ಸ್ವಭಾವ ನೋಡಿದರೆ ಹೆಚ್ಚಿನ ಕಡೆ ಇದೇ ಸೂಕ್ತ ಎಂದು ನನಗನಿಸುತ್ತದೆ. ಆದರೆ ಒಪ್ಪಂದವನ್ನು ಸರಿಯಾಗಿ ಬರೆದಿದ್ದರೆ ಮಾತ್ರ.

ಟೆಂಡರ್ ಪ್ರಕ್ರಿಯೆಯನ್ನು ವಿವರವಾಗಿ ಹೇಳುವ ಅಗತ್ಯವಿಲ್ಲ. ರಾಜ್ಯದ ಸಂಸ್ಥೆಗಳಿಗೆ 1999ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ ಅನ್ವಯಿಸುತ್ತದೆ. ತಾಂತ್ರಿಕ ಲಕೋಟೆ ಮೊದಲು, ದರದ ಲಕೋಟೆ ಆಮೇಲೆ, ಅರ್ಹರಲ್ಲಿ ಕಡಿಮೆ ದರ ಹೇಳಿದವರಿಗೆ ಕೆಲಸ. ಕೇಂದ್ರದ ಮಟ್ಟದಲ್ಲಿ ಭಾರತೀಯ ಸೌರಶಕ್ತಿ ನಿಗಮ, ಕರ್ನಾಟಕದಲ್ಲಿ ನವೀಕರಿಸಬಹುದಾದ ಇಂಧನ ಅಭಿವೃದ್ಧಿ ನಿಗಮವಾದ ಕ್ರೆಡೆಲ್ ಈ ಕೆಲಸಕ್ಕೆಂದೇ ಇರುವ ಸಂಸ್ಥೆಗಳು. ಒಂದೊಂದು ಶಾಲೆ, ಒಂದೊಂದು ಪ್ರಾಥಮಿಕ ಆರೋಗ್ಯ ಕೇಂದ್ರ ಪ್ರತ್ಯೇಕವಾಗಿ ಟೆಂಡರ್ ಕರೆದರೆ ಅಂಕೋಲಾದ ಒಳಹಳ್ಳಿಗೆ ಬಂದು ಹತ್ತು ಕಿಲೋವಾಟ್ ಘಟಕ ನಡೆಸಲು ಯಾವ ಕಂಪನಿಯೂ ಒಳ್ಳೆಯ ದರ ಹೇಳದು. ಜಿಲ್ಲೆಯ ಹಲವು ಕಟ್ಟಡಗಳನ್ನು ಒಂದೇ ಗುಂಪಾಗಿ ಮಾಡಿ ಕರೆಯುವುದು ಇದಕ್ಕೆ ಪರಿಹಾರ.

ಕಡಲು, ಮಳೆ, ಹೆಂಚು

ಬಯಲುಸೀಮೆಗೆಂದು ಬರೆದ ಟೆಂಡರ್ ಪತ್ರವನ್ನು ಕರಾವಳಿಗೆ ಹಾಗೆಯೇ ನಕಲು ಮಾಡಿದರೆ ಕೆಲಸ ಕೆಡುತ್ತದೆ. ಕಾರವಾರದಲ್ಲಿ ವರ್ಷಕ್ಕೆ ಸುಮಾರು ಮೂರು ಸಾವಿರ ಮಿಲಿಮೀಟರ್ ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. 100 ಕಿಲೋವಾಟ್ ಸೌರ ಘಟಕಕ್ಕೆ ಸುಮಾರು 1,000 ಚದರ ಮೀಟರ್ ಚಾವಣಿ ಬೇಕು. ಅದರಿಂದ ವರ್ಷಕ್ಕೆ 1.3 ಲಕ್ಷ ಯೂನಿಟ್ ಆಸುಪಾಸು ನಿರೀಕ್ಷಿಸುವುದು ವಿವೇಕ. ಮಾರ್ಚ್ ತಿಂಗಳ ಉತ್ಪಾದನೆಯನ್ನು ಹನ್ನೆರಡರಿಂದ ಗುಣಿಸಿ ಕನಸು ಕಟ್ಟಿದರೆ ಜುಲೈ ತಿಂಗಳ ಬಿಲ್ಲು ಎಚ್ಚರಿಸುತ್ತದೆ. ಆದ್ದರಿಂದ ಕನಿಷ್ಠ ಉತ್ಪಾದನೆಯ ಖಾತರಿಯನ್ನು ವರ್ಷದ ಲೆಕ್ಕದಲ್ಲಿ ಬರೆಯಬೇಕು, ಅದಕ್ಕಿಂತ ಕಡಿಮೆಯಾದರೆ ಕಂಪನಿ ಕೊಡಬೇಕಾದ ಪರಿಹಾರದ ಮೊತ್ತವನ್ನೂ ಅಲ್ಲೇ ನಮೂದಿಸಬೇಕು.

ಉಪ್ಪುಗಾಳಿ ಇನ್ನೊಂದು ಸಂಗತಿ. ಕಡಲಿಗೆ ಹತ್ತಿರದ ಕಟ್ಟಡಗಳಲ್ಲಿ ಮಾಮೂಲಿ ಕಬ್ಬಿಣದ ಚೌಕಟ್ಟು ಬೇಗ ತುಕ್ಕು ಹಿಡಿಯುತ್ತದೆ. ಫಲಕಗಳು ಉಪ್ಪಿನ ಮಂಜನ್ನು ತಾಳುತ್ತವೆಯೇ ಎಂದು ಪರೀಕ್ಷಿಸುವ ಐಇಸಿ 61701 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಆ ಪ್ರಮಾಣಪತ್ರವನ್ನು ಟೆಂಡರ್‌ನಲ್ಲೇ ಕೇಳಬೇಕು. ಚೌಕಟ್ಟು ದಪ್ಪ ಸತುವಿನ ಲೇಪನದ್ದೋ ಅಲ್ಯೂಮಿನಿಯಂನದ್ದೋ ಆಗಿರಬೇಕು, ನಟ್ಟು ಬೋಲ್ಟುಗಳು ಸ್ಟೇನ್‌ಲೆಸ್ ಉಕ್ಕಿನವಾಗಿರಬೇಕು. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯನ್ನು ಹೇಗೆ ಅಲುಗಿಸಿತು ಎಂಬುದನ್ನು ಇಲ್ಲಿನವರು ಮರೆತಿಲ್ಲ. ಗಾಳಿಯ ಒತ್ತಡದ ಲೆಕ್ಕಾಚಾರ ಮತ್ತು ವಿಮೆ ಎರಡೂ ಒಪ್ಪಂದದಲ್ಲಿರಬೇಕು ಎನ್ನುವುದು ಅದರಿಂದಾಗಿಯೇ.

ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಸಮಸ್ಯೆಯೇ ಬೇರೆ. ಹಳೆಯ ಸರ್ಕಾರಿ ಕಟ್ಟಡಗಳಿಗೆ ಹೆಂಚಿನ ಮಾಡು, ಸುತ್ತ ದೊಡ್ಡ ಮರಗಳು. ಫಲಕದ ಒಂದು ಮೂಲೆಗೆ ನೆರಳು ಬಿದ್ದರೂ ಅದರೊಂದಿಗೆ ಜೋಡಿಸಿದ ಸಾಲಿನ ಉತ್ಪಾದನೆಯೇ ಇಳಿಯಬಹುದು. ಸೌರ ಫಲಕಕ್ಕಾಗಿ ಅಂಗಳದ ಹಲಸು, ಮಾವು ಕಡಿಯುವುದಕ್ಕೆ ನನ್ನ ಸಮ್ಮತಿಯಿಲ್ಲ. ಮರವಿದ್ದಲ್ಲಿ ಮರ ಇರಲಿ, ಆ ಕಟ್ಟಡಕ್ಕೆ ವಿದ್ಯುತ್ತನ್ನು ಬೇರೆಡೆಯಿಂದ ತರುವ ದಾರಿಗಳಿವೆ. ಮಳೆಗಾಲದಲ್ಲಿ ಫಲಕದ ಕೆಳ ಅಂಚಿನಲ್ಲಿ ಪಾಚಿ ಕಟ್ಟುತ್ತದೆ, ಮಂಗಗಳು ಚಾವಣಿಯ ಮೇಲೆ ಓಡಾಡುತ್ತವೆ. ಇವು ಬೆಂಗಳೂರಿನಲ್ಲಿ ಕುಳಿತು ಟೆಂಡರ್ ಬರೆಯುವವರಿಗೆ ಹೊಳೆಯದ ವಿಷಯಗಳು. ಸ್ಥಳೀಯ ಎಂಜಿನಿಯರುಗಳು ಅವನ್ನು ಬರೆಸಬೇಕು.

ಬಳಕೆಯ ಸಮಯವನ್ನೂ ಗಮನಿಸಬೇಕು. ಶಾಲೆಯ ಚಾವಣಿ ಅತಿ ಹೆಚ್ಚು ವಿದ್ಯುತ್ ಕೊಡುವ ಏಪ್ರಿಲ್, ಮೇ ತಿಂಗಳಲ್ಲಿ ಶಾಲೆಗೆ ಬೇಸಿಗೆ ರಜೆ. ಕಚೇರಿಗಳಿಗೆ ಭಾನುವಾರದ ರಜೆ. ಬೀದಿದೀಪಕ್ಕೆ ವಿದ್ಯುತ್ ಬೇಕಾಗುವುದು ರಾತ್ರಿ. ಹೀಗೆ ಹೆಚ್ಚುವರಿಯಾಗಿ ಜಾಲಕ್ಕೆ ಹೋದ ಯೂನಿಟ್ಟುಗಳಿಗೆ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ನಿಗದಿ ಮಾಡಿದ ದರ ಸಿಗುತ್ತದೆ, ಅದು ನಾವು ಕೊಳ್ಳುವ ದರಕ್ಕಿಂತ ಕಡಿಮೆ. ಹಗಲು ಹೊತ್ತು ಪಂಪ್ ನಡೆಸುವ ನೀರು ಸರಬರಾಜು ಸೌರ ವಿದ್ಯುತ್ತಿಗೆ ಹೇಳಿ ಮಾಡಿಸಿದಂತಿದೆ: ಮಾರಿಗದ್ದೆ, ಕೆಂಗ್ರೆಗಳಿಂದ ಶಿರಸಿ ನಗರಕ್ಕೆ ನೀರೆತ್ತುವಂಥ ಕೆಲಸವನ್ನು ಬಿಸಿಲಿನ ಹೊತ್ತಿಗೆ ಹೊಂದಿಸಿಕೊಳ್ಳಲು ಸಾಧ್ಯ. ಒಂದು ಚಾವಣಿಯ ಹೆಚ್ಚುವರಿಯನ್ನು ಅದೇ ಸಂಸ್ಥೆಯ ಇನ್ನೊಂದು ಮೀಟರಿನ ಬಿಲ್ಲಿಗೆ ವಜಾ ಮಾಡುವ ಗುಂಪು ನೆಟ್ ಮೀಟರಿಂಗ್ ಎಂಬ ವ್ಯವಸ್ಥೆಗೆ ದೆಹಲಿಯಲ್ಲಿ 2019ರಿಂದಲೇ ಮಾರ್ಗಸೂಚಿಯಿದೆ. ರಜೆಯಲ್ಲಿರುವ ಕಾಲೇಜಿನ ಬಿಸಿಲು ಹಾಸ್ಟೆಲಿನ ಬಿಲ್ಲನ್ನು ಇಳಿಸುವ ಈ ಏರ್ಪಾಡು ಸರ್ಕಾರಿ ಸಂಸ್ಥೆಗಳಿಗೆ ಬಹಳ ಉಪಯುಕ್ತ.

ಚಾವಣಿ ಸಾಲದಾದಾಗ

ಆಸ್ಪತ್ರೆಯೊಂದು ತಿಂಗಳಿಗೆ 50,000 ಯೂನಿಟ್ ಬಳಸುತ್ತದೆ ಎಂದಿಟ್ಟುಕೊಳ್ಳೋಣ. ವರ್ಷಕ್ಕೆ ಆರು ಲಕ್ಷ. ಚಾವಣಿಯ 100 ಕಿಲೋವಾಟ್ ಘಟಕ 1.3 ಲಕ್ಷ ಕೊಟ್ಟರೆ ಅದು ಐದರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು. ಉಳಿದ ಪಾಲು ಹಸಿರಾಗಬೇಕಾದರೆ ದೂರದ ಸ್ಥಾವರದಿಂದ ಕೊಳ್ಳಬೇಕು. ಇದಕ್ಕೆ ಓಪನ್ ಆಕ್ಸೆಸ್ ಅಥವಾ ಮುಕ್ತ ಪ್ರವೇಶ ಎನ್ನುತ್ತಾರೆ: ವಿದ್ಯುತ್ ಬೇರೆಯವರಿಂದ, ತಂತಿ ಮಾತ್ರ ಕೆಪಿಟಿಸಿಎಲ್ ಮತ್ತು ಹೆಸ್ಕಾಂನದ್ದು. ಮೊದಲು ಒಂದು ಮೆಗಾವಾಟ್‌ಗಿಂತ ದೊಡ್ಡ ಗ್ರಾಹಕರಿಗೆ ಮಾತ್ರ ಈ ಅವಕಾಶವಿತ್ತು. 2022ರ ಜೂನ್‌ನಲ್ಲಿ ಬಂದ ಕೇಂದ್ರದ ಹಸಿರು ಇಂಧನ ಮುಕ್ತ ಪ್ರವೇಶ ನಿಯಮಗಳು ಆ ಮಿತಿಯನ್ನು 100 ಕಿಲೋವಾಟ್‌ಗೆ ಇಳಿಸಿದವು. ಜಿಲ್ಲಾ ಮಟ್ಟದ ಆಸ್ಪತ್ರೆ, ಎಂಜಿನಿಯರಿಂಗ್ ಕಾಲೇಜು, ನೀರಿನ ಪಂಪ್‌ಹೌಸ್‌ಗಳಿಗೆ ಬಾಗಿಲು ತೆರೆದದ್ದು ಆಗ.

ದೂರದಿಂದ ಕೊಳ್ಳುವುದರಲ್ಲಿ ನಮ್ಮ ಜಿಲ್ಲೆಗೆ ಒಂದು ವಿಶೇಷ ಅನುಕೂಲವಿದೆ. ಕಾರವಾರದಲ್ಲಿ ಮಳೆ ಸುರಿದು ಸೌರ ಫಲಕಗಳು ಮಂಕಾಗುವ ತಿಂಗಳುಗಳಲ್ಲೇ ನೈಋತ್ಯ ಮುಂಗಾರಿನ ಗಾಳಿ ಗದಗ, ಚಿತ್ರದುರ್ಗಗಳ ಗುಡ್ಡಗಳ ಮೇಲೆ ಬಲವಾಗಿ ಬೀಸುತ್ತದೆ. ಬೇಸಿಗೆಗೆ ಸ್ವಂತ ಚಾವಣಿಯ ಸೌರ, ಮಳೆಗಾಲಕ್ಕೆ ಗದಗಿನ ಪವನ ವಿದ್ಯುತ್ ಎಂದು ಹೊಂದಿಸಿದರೆ ವರ್ಷವಿಡೀ ಒಂದು ಸಮತೋಲನ ಬರುತ್ತದೆ. ಸೌರವನ್ನೇ ಹೆಚ್ಚು ಹೆಚ್ಚು ಕೊಳ್ಳುತ್ತಾ ಹೋಗುವುದಕ್ಕಿಂತ ಇದು ಎಷ್ಟೋ ಮೇಲು.

ಆದರೆ ಸ್ಥಾವರದ ಬಾಗಿಲಲ್ಲಿನ ದರವೇ ಕಚೇರಿಯ ಬಾಗಿಲಿನ ದರವಲ್ಲ. ತಂತಿಯ ಬಾಡಿಗೆಯಾದ ಪ್ರಸರಣ ಮತ್ತು ವೀಲಿಂಗ್ ಶುಲ್ಕ, ದಾರಿಯಲ್ಲಿ ಸೋರುವ ವಿದ್ಯುತ್ತಿನ ಕಡಿತ, ಒಂದು ಹೊತ್ತಿನ ಉತ್ಪಾದನೆಯನ್ನು ಇನ್ನೊಂದು ಹೊತ್ತಿಗೆ ಇಟ್ಟುಕೊಡುವ ಬ್ಯಾಂಕಿಂಗ್ ಶುಲ್ಕ, ಜೊತೆಗೆ ಅಡ್ಡ ಸಹಾಯಧನದ ಸರ್‌ಚಾರ್ಜ್ ಸೇರುತ್ತವೆ. ಕೊನೆಯದರ ಹಿಂದೆ ಒಂದು ನ್ಯಾಯವಿದೆ. ಹೆಚ್ಚು ದರ ಕೊಡುವ ಗ್ರಾಹಕರ ಹಣದಿಂದಲೇ ಬಡವರ, ರೈತರ ವಿದ್ಯುತ್ ಅಗ್ಗವಾಗುತ್ತದೆ. ಅವರು ಹೊರಟು ಹೋದರೆ ಆ ಕೊರತೆ ತುಂಬಬೇಕು. ಸ್ಥಾವರದಲ್ಲಿ ಗ್ರಾಹಕರೇ ಕನಿಷ್ಠ ಶೇ 26 ಪಾಲು ಹೊಂದಿ ಉತ್ಪಾದನೆಯ ಶೇ 51ನ್ನು ಬಳಸಿದರೆ ಅದು ಸ್ವಂತ ಬಳಕೆಯ ಸ್ಥಾವರವೆನಿಸಿ ಈ ಸರ್‌ಚಾರ್ಜ್‌ನಿಂದ ವಿನಾಯಿತಿ ಸಿಗುತ್ತದೆ. ಖಾಸಗಿ ಕಾರ್ಖಾನೆಗಳು ಈ ದಾರಿಯನ್ನು ಚೆನ್ನಾಗಿ ಬಳಸಿವೆ. ಸರ್ಕಾರಿ ಸಂಸ್ಥೆ ಖಾಸಗಿ ಕಂಪನಿಯ ಷೇರು ಕೊಳ್ಳಬೇಕಾದರೆ ಮೇಲಿನವರ ಅನುಮತಿಗಳ ದೊಡ್ಡ ಸಾಲೇ ಬೇಕು.

ಇಲ್ಲಿ ಒಂದು ಸೂಕ್ಷ್ಮವನ್ನು ಮರೆಯಬಾರದು. ಪಂಪ್‌ಸೆಟ್‌ಗಳ ಮತ್ತು ಗೃಹಜ್ಯೋತಿಯ ವಿದ್ಯುತ್ತಿಗಾಗಿ ರಾಜ್ಯ ಸರ್ಕಾರವೇ ಹೆಸ್ಕಾಂಗೆ ಸಹಾಯಧನ ಕೊಡುತ್ತದೆ. ಒಂದು ಇಲಾಖೆ ಹೊರಗಿನಿಂದ ಕೊಂಡು ಉಳಿಸಿದ ಹಣದಲ್ಲಿ ಒಂದಷ್ಟು ಹೆಸ್ಕಾಂನ ಆದಾಯದ ಕೊರತೆಯಾಗಿ ಮತ್ತೆ ಸರ್ಕಾರದ ಖಜಾನೆಯ ಮೇಲೇ ಬೀಳಬಹುದು. ಆದ್ದರಿಂದ ಇಲಾಖೆಯ ಉಳಿತಾಯವನ್ನೂ ರಾಜ್ಯದ ಉಳಿತಾಯವನ್ನೂ ಬೇರೆ ಬೇರೆಯಾಗಿಯೇ ಲೆಕ್ಕ ಹಾಕಬೇಕು.

ದೂರದ ಖರೀದಿಗೆ ದೇಶದ ಒಳ್ಳೆಯ ಉದಾಹರಣೆ ದೆಹಲಿ ಮೆಟ್ರೊ. ಮಧ್ಯಪ್ರದೇಶದ ರೀವಾದಲ್ಲಿ 750 ಮೆಗಾವಾಟ್‌ನ ಸೌರ ಪಾರ್ಕ್ ಇದೆ. 2017ರ ಫೆಬ್ರವರಿಯ ಹರಾಜಿನಲ್ಲಿ ಅದರ ಮೊದಲ ವರ್ಷದ ದರ ಯೂನಿಟ್ಟಿಗೆ 2 ರೂಪಾಯಿ 97 ಪೈಸೆಗೆ ಇಳಿಯಿತು. ಒಂದು ವರ್ಷದ ಹಿಂದಷ್ಟೇ ದೇಶದ ಅತಿ ಕಡಿಮೆ ಸೌರ ದರ 4 ರೂಪಾಯಿ 34 ಪೈಸೆ ಇತ್ತು. ಫಲಕಗಳ ಬೆಲೆ ಇಳಿದಿದ್ದು ಒಂದು ಕಾರಣ. ಇನ್ನೊಂದು ಮುಖ್ಯ ಕಾರಣ, ಹಣ ಸಕಾಲಕ್ಕೆ ಬರುತ್ತದೆ ಎಂಬ ಭರವಸೆಗೆ ಮೂರು ಪದರದ ಏರ್ಪಾಡು ಮಾಡಿದ್ದು: ಬ್ಯಾಂಕಿನ ಪಾವತಿ ಖಾತರಿ ಪತ್ರ (ಲೆಟರ್ ಆಫ್ ಕ್ರೆಡಿಟ್), ಪಾವತಿ ಭದ್ರತಾ ನಿಧಿ, ರಾಜ್ಯ ಸರ್ಕಾರದ ಖಾತರಿ. ಕಂಪನಿಯ ಭಯ ಕಡಿಮೆಯಾದಷ್ಟೂ ಅದು ಕೇಳುವ ದರ ಇಳಿಯಿತು. 2019ರಿಂದ ದೆಹಲಿ ಮೆಟ್ರೊ ಅಲ್ಲಿನ ವಿದ್ಯುತ್ತನ್ನು ಪಡೆಯುತ್ತಿದೆ.

ನಮ್ಮಲ್ಲಿ ಇದರ ತದ್ವಿರುದ್ಧದ ಚಿತ್ರ ಕಾಣುತ್ತೇವೆ. ಬೀದಿದೀಪ ಮತ್ತು ಕುಡಿಯುವ ನೀರಿನ ಬಿಲ್ಲುಗಳನ್ನು ಸ್ಥಳೀಯ ಸಂಸ್ಥೆಗಳು ಬಾಕಿ ಇಟ್ಟುಕೊಳ್ಳುವುದು ರಾಜ್ಯದಾದ್ಯಂತ ಹಳೆಯ ರೋಗ. ಹೆಸ್ಕಾಂ ಆದರೆ ಸಹಿಸಿಕೊಂಡು ಹೋಗುತ್ತದೆ. ಬ್ಯಾಂಕಿನಿಂದ ಸಾಲ ತಂದು ಘಟಕ ಕಟ್ಟಿದ ಕಂಪನಿಗೆ ಆರು ತಿಂಗಳು ಹಣ ಬರದಿದ್ದರೆ ಅದು ತೊಳೆಯುವವರನ್ನು ಮೊದಲು ಬಿಡಿಸುತ್ತದೆ, ಆಮೇಲೆ ಫೋನ್ ಎತ್ತುವುದನ್ನೂ ನಿಲ್ಲಿಸುತ್ತದೆ. ತಡವಾಗಿ ಹಣ ಕೊಡುವವರೆಂಬ ಹೆಸರು ಬಂದರೆ ಮುಂದಿನ ಟೆಂಡರ್‌ನಲ್ಲಿ ಆ ಭಯಕ್ಕೂ ದರ ಕಟ್ಟಲಾಗುತ್ತದೆ. ಸಮಯಕ್ಕೆ ಸರಿಯಾಗಿ ಬಿಲ್ಲು ಪಾವತಿಸುವುದು ಹಸಿರು ವಿದ್ಯುತ್ತನ್ನು ಅಗ್ಗವಾಗಿಸುವ ಅತ್ಯಂತ ಸರಳ ಉಪಾಯ, ಇದಕ್ಕೆ ಯಾವ ಹೊಸ ತಂತ್ರಜ್ಞಾನವೂ ಬೇಡ.

ತಂತಿಯಾಚೆಯ ಖರೀದಿ ತಲೆನೋವು ಎನ್ನುವ ಸಣ್ಣ ಸಂಸ್ಥೆಗೆ ಇನ್ನೂ ಸರಳವಾದ ದಾರಿಯಿದೆ. ಯಾವುದೇ ಗ್ರಾಹಕರು ತಮ್ಮ ವಿದ್ಯುತ್ ಕಂಪನಿಯಿಂದಲೇ ಹಸಿರು ವಿದ್ಯುತ್ ಕೇಳಲು ಕೇಂದ್ರದ 2022ರ ನಿಯಮಗಳು ಅವಕಾಶ ಕೊಟ್ಟವು. ಬಳಕೆಯ ಶೇ 25, 50, 75 ಅಥವಾ 100ರಷ್ಟಕ್ಕೆ, ಕನಿಷ್ಠ ಒಂದು ವರ್ಷದ ಅವಧಿಗೆ. ದರವನ್ನು ರಾಜ್ಯದ ಆಯೋಗ ಪ್ರತ್ಯೇಕವಾಗಿ ನಿಗದಿ ಮಾಡುತ್ತದೆ. ಒಂದು ಪತ್ರ ಬರೆದರೆ ಸಾಕಾಗುವ ಕೆಲಸ ಇದು. ಹೆಚ್ಚುವರಿ ಪೈಸೆಗಳನ್ನು ಕೊಡಲು ಲೆಕ್ಕ ಶಾಖೆ ಒಪ್ಪಬೇಕು ಅಷ್ಟೇ.

ಹಸಿರು ಯಾರ ಖಾತೆಗೆ?

ಡೇರಿಯ ಪಾಸ್ ಪುಸ್ತಕದ ಮಾತು ಇಲ್ಲಿ ನಿಜವಾಗಿ ಮುಖ್ಯವಾಗುತ್ತದೆ. ನವೀಕರಿಸಬಹುದಾದ ಇಂಧನ ಪ್ರಮಾಣಪತ್ರ ಎಂಬುದೊಂದಿದೆ. ಒಂದು ಪ್ರಮಾಣಪತ್ರವೆಂದರೆ ಸಾವಿರ ಯೂನಿಟ್ ಹಸಿರು ವಿದ್ಯುತ್ ಎಲ್ಲೋ ಉತ್ಪಾದನೆಯಾಗಿದೆ ಎಂಬುದಕ್ಕೆ ದಾಖಲೆ. ಇವುಗಳನ್ನು ವಿದ್ಯುತ್ ವಿನಿಮಯ ಕೇಂದ್ರಗಳಲ್ಲಿ ವಿದ್ಯುತ್ತಿನಿಂದ ಬೇರ್ಪಡಿಸಿ ಮಾರುತ್ತಾರೆ, ಕೊಳ್ಳುತ್ತಾರೆ. ಕಾನೂನು ವಿಧಿಸಿದ ಹಸಿರು ಪಾಲನ್ನು ಕೊಳ್ಳುವ ಬಾಧ್ಯತೆಯನ್ನು ಪೂರೈಸಲಾಗದವರು ಇವುಗಳಿಂದ ಲೆಕ್ಕ ಸರಿದೂಗಿಸಿಕೊಳ್ಳುತ್ತಾರೆ.

ಸರ್ಕಾರಿ ಕಾಲೇಜಿನ ಚಾವಣಿಯಲ್ಲಿ ಹುಟ್ಟಿದ ಸೌರ ಯೂನಿಟ್ಟುಗಳನ್ನು ನೆಟ್ ಮೀಟರಿಂಗ್‌ನಲ್ಲಿ ಸಾಮಾನ್ಯವಾಗಿ ಹೆಸ್ಕಾಂ ತನ್ನ ಬಾಧ್ಯತೆಯ ಲೆಕ್ಕಕ್ಕೆ ಹಿಡಿಯುತ್ತದೆ. ಇದರಲ್ಲಿ ತಪ್ಪೇನಿಲ್ಲ. ಆದರೆ ಅದೇ ಯೂನಿಟ್ಟನ್ನು ಕಾಲೇಜೂ ತನ್ನ ಸಾಧನೆಯೆಂದು, ಹೆಸ್ಕಾಂ ತನ್ನದೆಂದು, ಘಟಕ ಕಟ್ಟಿದ ಕಂಪನಿ ತನ್ನದೆಂದು ಹೇಳಿಕೊಂಡರೆ ಒಂದು ಯೂನಿಟ್ ಕಾಗದದ ಮೇಲೆ ಮೂರಾಗುತ್ತದೆ, ಗಾಳಿಗೆ ಸೇರುವ ಹೊಗೆ ಮಾತ್ರ ಒಂದೇ ಪಾಲು ಕಡಿಮೆಯಾಗಿರುತ್ತದೆ. ಹಸಿರು ಹಕ್ಕು ಯಾರದ್ದು ಎಂಬ ಒಂದು ಸಾಲು ಪ್ರತಿ ಒಪ್ಪಂದದಲ್ಲೂ ಇರಲೇಬೇಕು.

ಇಂಥ ಒಪ್ಪಂದಗಳು ಸಾರ್ವಜನಿಕ ಹಣದವು, ಮಾಹಿತಿ ಹಕ್ಕಿನಲ್ಲಿ ಯಾರು ಬೇಕಾದರೂ ಪ್ರತಿ ಕೇಳಬಹುದು. ಕೈಗೆ ಬಂದಾಗ ದರದ ಪುಟಕ್ಕಿಂತ ಮೊದಲು ಹಿಂದಿನ ಪುಟಗಳನ್ನು ಓದಿ. ಚಾವಣಿ ಸೋರಿ ದುರಸ್ತಿಗೆಂದು ಫಲಕ ಇಳಿಸಬೇಕಾದರೆ ಆ ದಿನಗಳ ಉತ್ಪಾದನೆಗೂ ಕಚೇರಿ ಹಣ ಕೊಡಬೇಕೇ? ನಮ್ಮ ಮಳೆಯಲ್ಲಿ ಈ ಪ್ರಶ್ನೆ ಖಂಡಿತ ಎದುರಾಗುತ್ತದೆ. ಹತ್ತನೇ ವರ್ಷ ಆಸ್ಪತ್ರೆ ಹೊಸ ಮಹಡಿ ಕಟ್ಟಬೇಕೆಂದರೆ ಕಂಪನಿಗೆ ಕೊಡಬೇಕಾದ ಪರಿಹಾರದ ಕೋಷ್ಟಕ ಇದೆಯೇ? ಹೆಸ್ಕಾಂ ದರ ಇಳಿದರೆ ಒಪ್ಪಂದದ ದರವೂ ಇಳಿಯುತ್ತದೆಯೇ, ಇಲ್ಲವೇ? 25 ವರ್ಷ ಮುಗಿದ ಮೇಲೆ ಘಟಕ ಸಂಸ್ಥೆಗೆ ಉಚಿತವಾಗಿ ಬರುತ್ತದೆ ಎಂಬ ಷರತ್ತು ಕೇಳಲು ಇಂಪಾಗಿರುತ್ತದೆ, ಆದರೆ ಅಷ್ಟೊತ್ತಿಗೆ ಕೈಗೆ ಸಿಗುವುದು ಹಳೆಯ ಗಾಜು, ತಂತಿ ಮತ್ತು ಚೌಕಟ್ಟು. 2022ರ ಇ-ತ್ಯಾಜ್ಯ ನಿಯಮಗಳಲ್ಲಿ ಸೌರ ಫಲಕಗಳನ್ನೂ ಸೇರಿಸಲಾಗಿದೆ, ಅವನ್ನು ಕಂಡಲ್ಲಿ ಎಸೆಯುವಂತಿಲ್ಲ. ಅವುಗಳನ್ನು ಇಳಿಸಿ, ಸಾಗಿಸಿ, ನಿಯಮದಂತೆ ವಿಲೇವಾರಿ ಮಾಡುವ ವೆಚ್ಚ ಕಂಪನಿಯದ್ದು ಎಂಬ ಷರತ್ತನ್ನು ಸಹಿ ಹಾಕುವ ದಿನವೇ ಬರೆಸಿಕೊಳ್ಳಬೇಕು.